ಕೋವಿಗೊಂದು ದೀಪ

ಇರುಳಿನಲ್ಲಿ ಗುರಿಯಿಡುವವನಿಗೆ ಎರಡು ಕೈಗಳೂ ಕೋವಿಗೇ ಬೇಕು; ದೀಪ ಹಿಡಿಯಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಇಂದಿನ ರೈಫಲ್ಲುಗಳಲ್ಲಿ ದೀಪವನ್ನು ನಳಿಗೆಯ ಮುಂತುದಿಯ ಬಳಿ ಬಿಗಿಯುತ್ತಾರೆ. ಹಿಂದಕ್ಕಿಟ್ಟರೆ ಬೆಳಕು ನಳಿಗೆಯ ಮೇಲೆಯೇ ಬಿದ್ದು ಗುರಿಕಾರನ ಕಣ್ಣು ಕೋರೈಸೀತು. ಒತ್ತುಗುಂಡಿ ಮಾತ್ರ ತಂತಿಯ ನೆರವಿನಿಂದ ಹಿಂದೆ ಬಂದು, ಕೋವಿಯನ್ನು ಆತುಕೊಂಡ ಎಡಗೈಯ ಹೆಬ್ಬೆರಳಿಗೆ ಸಿಕ್ಕುತ್ತದೆ. ಹಿಡಿತ ಸಡಿಲಿಸಬೇಕಾಗಿಲ್ಲ.

1926ರಲ್ಲಿ ಇಂಥ ಅನುಕೂಲಗಳೆಲ್ಲಿ! ಸರಕಾರಿ ಲೆಕ್ಕದಂತೆ 125 ಮಂದಿಯನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಗಾಗಿ ಜಿಮ್ ಕಾರ್ಬೆಟ್ಟರು ಮೇ ತಿಂಗಳ ಇರುಳೊಂದರಲ್ಲಿ ಮಾವಿನ ಮರವೇರಿ ಕುಳಿತಿದ್ದರು. ಕೆಳಗೆ ಕಟ್ಟಿದ್ದ ಆಡಿನ ಗಂಟೆ ನುಡಿಯಿತು. ಟಾರ್ಚಿನ ಗುಂಡಿ ಒತ್ತಿದರು. ಕೋವಿಯ ಗುರಿ ಚಿರತೆಯ ಹೆಗಲಿಗೇ ನೆಟ್ಟಿತ್ತು. ಗುಂಡು ಹಾರಿತು; ಅದೇ ಕ್ಷಣಕ್ಕೆ ಟಾರ್ಚೂ ಆರಿಹೋಯಿತು! ಬ್ಯಾಟರಿಯನ್ನು ಅವರು ಪರೀಕ್ಷಿಸಿರಲೇ ಇಲ್ಲ. ಬೆಳಗಿನವರೆಗೂ ಕತ್ತಲಲ್ಲೇ ಕಾದು ಇಳಿದಾಗ, ನರಭಕ್ಷಕ ಸಮೀಪದಲ್ಲೇ ಸತ್ತುಬಿದ್ದಿತ್ತು.