ನಮ್ಮ ಔಷಧ ಕಂಪನಿಗಳು ಸಂಶೋಧನೆಗೆ ಹಣ ಹಾಕಿದ್ದೇಕೆ?

ಹೈದರಾಬಾದಿನ ಬಾಲಾನಗರದ ಕಡೆ ಓಡಾಡುವ ಕನ್ನಡಿಗರಿಗೆ ಐಡಿಪಿಎಲ್ ಹೆಸರು ಗೊತ್ತೇ ಇರುತ್ತದೆ. ಕಂಪನಿಗಳು ಹೊಸತನಕ್ಕೆ ಯಾವಾಗ ಹಣ ಹಾಕುತ್ತವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂತು. ಅದರಂತೆ ಔಷಧಕ್ಕೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಅದೇ ಔಷಧವನ್ನು ಬೇರೆ ವಿಧಾನದಲ್ಲಿ ಮಾಡಬಲ್ಲವರಿಗೆ ಮಾರುಕಟ್ಟೆ ತೆರೆಯಿತು. ಅದಕ್ಕೆ ರಸಾಯನಶಾಸ್ತ್ರ ಬಲ್ಲವರು ಬೇಕು. ಅವರನ್ನು ಪಳಗಿಸಿದ್ದು ಸರ್ಕಾರಿ ಸಂಸ್ಥೆಗಳು. ಪುಣೆಯ ಎನ್‌ಸಿಎಲ್‌ನಲ್ಲಿ ಪಿಎಚ್‌ಡಿ ಮಾಡಿ, ಐಡಿಪಿಎಲ್‌ನಲ್ಲಿ ದುಡಿದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು.

ಫಲ ಜಗತ್ತಿಗೇ ಸಿಕ್ಕಿತು. ಏಡ್ಸ್‌ನ ಮೂರು ಔಷಧಗಳ ಚಿಕಿತ್ಸೆಗೆ ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ 10,000 ಡಾಲರ್ ದಾಟುತ್ತಿದ್ದಾಗ, 2001ರಲ್ಲಿ ಮುಂಬೈನ ಸಿಪ್ಲಾ 350 ಡಾಲರಿಗೆ ಕೊಡುತ್ತೇವೆಂದಿತು.

2005ರಿಂದ ಔಷಧಕ್ಕೂ ಪೇಟೆಂಟ್ ಬಂತು. ಹಳೆಯ ಬಾಗಿಲು ಮುಚ್ಚುತ್ತಿದ್ದಂತೆ ದೊಡ್ಡ ಕಂಪನಿಗಳು ಸಂಶೋಧನೆಯ ಖರ್ಚು ಏರಿಸಿದವು. ಅಮೆರಿಕಕ್ಕೆ ರಫ್ತು ಮಾಡಲು ಅಲ್ಲಿನ ಎಫ್‌ಡಿಎ ಗುಣಮಟ್ಟ ಮುಟ್ಟಲೇಬೇಕಿತ್ತು. ಅದೂ ಬಿಸಿ ಮುಟ್ಟಿಸಿತು.

ಆದರೆ ಪೈಪೋಟಿಯೊಂದೇ ಸಾಲದು. ಚೀನಾದ ಅಗ್ಗದ ಸರಕಿನೆದುರು ಪೆನಿಸಿಲಿನ್-ಜಿ ತಯಾರಿಸುವ ನಮ್ಮ ಘಟಕಗಳು ಸುಧಾರಿಸಿಕೊಳ್ಳುವ ಮೊದಲೇ ಬಾಗಿಲು ಹಾಕಿದವು. ಅವನ್ನು ಮರಳಿ ಕಟ್ಟಲು 2020ರಲ್ಲಿ ಸರ್ಕಾರ ಪ್ರೋತ್ಸಾಹಧನ ಘೋಷಿಸಬೇಕಾಯಿತು.

ಗೆದ್ದರೆ ಮಾರುಕಟ್ಟೆ, ಸುಮ್ಮನಿದ್ದರೆ ನಷ್ಟದ ಭಯ, ಕೈಗೆ ಸಿಗುವ ಕಲಿತ ಜನ, ಕಲಿಯಲು ಒಂದಷ್ಟು ಕಾಲ: ಈ ನಾಲ್ಕೂ ಕೂಡಿದಾಗ ಕಂಪನಿ ಹಣ ಬಿಚ್ಚುತ್ತದೆ. ಒಂದು ತಪ್ಪಿದರೂ ಬೆಲೆ ತೆರುವವರು ಮೆಡಿಕಲ್ ಶಾಪ್ ಮುಂದೆ ಚೀಟಿ ಹಿಡಿದು ನಿಂತ ನಾವೇ.