ಎಣಿಕೆಗೆ ಸಿಕ್ಕದ ಬೆಲೆ

ಒಬ್ಬ ಸಂಗೀತಗಾರರ ಯೋಗ್ಯತೆಯನ್ನು ಅವರು ಮಾಡಿದ ಕಚೇರಿಗಳ ಸಂಖ್ಯೆಯಿಂದ ಅಳೆಯಬಹುದೆ? ಆಗದೆಂದು ರೇಡಿಯೋ ಕೇಳುವ ಯಾರಾದರೂ ಒಡನೆಯೇ ಹೇಳಿಯಾರು. ಆದರೆ ವಿಜ್ಞಾನಿಯ ವಿಷಯದಲ್ಲಿ ಇಂದು ಹೆಚ್ಚುಕಡಿಮೆ ನಡೆಯುತ್ತಿರುವುದು ಇದೇ. ಆತ ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾನೆ, ಅವುಗಳನ್ನು ಇತರರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಎರಡು ಲೆಕ್ಕಗಳಿಂದಲೇ ಎಷ್ಟೋ ಕಡೆ ಕೆಲಸ, ಬಡ್ತಿ, ಸಂಶೋಧನೆಯ ಹಣ ಎಲ್ಲವೂ ನಿರ್ಧಾರವಾಗುತ್ತವೆ. ಈ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಒಂದು ಕೋಳಿಯ ಕಥೆ ತಿಳಿಸುತ್ತದೆ.

ಕೋಳಿಯ ಹೊಟ್ಟೆಯ ಹಿಂತುದಿಯಲ್ಲಿ ಒಂದು ಪುಟ್ಟ ಚೀಲವಿದೆ. ಇಟಲಿಯ ಪಾದುವಾ ನಗರದ ಫೆಬ್ರೀಷಿಯಸ್ ಎಂಬ ಅಂಗರಚನಾ ಪಂಡಿತ ಅದನ್ನು ವರ್ಣಿಸಿದ. ಅವನ ಬರಹ ೧೬೨೧ರಲ್ಲಿ ಬೆಳಕು ಕಂಡಿತು. ಆ ಚೀಲದ ಕೆಲಸವೇನೆಂಬುದು ಮಾತ್ರ ಮೂರು ಶತಮಾನಗಳಿಗೂ ಹೆಚ್ಚು ಕಾಲ ಗುಟ್ಟಾಗಿಯೇ ಉಳಿಯಿತು. ೧೯೫೦ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಆ ಚೀಲವನ್ನು ಮರಿಗಳಿಂದ ತೆಗೆದು ನೋಡುತ್ತಿದ್ದ. ಅವನ ಸಹಪಾಠಿ ತಿಮೊಥಿ ಚಾಂಗ್‌ಗೆ, ರೋಗಾಣುಗಳನ್ನೆದುರಿಸುವ ಪ್ರತಿಕಾಯಗಳು ರಕ್ತದಲ್ಲಿ ಹುಟ್ಟುವುದನ್ನು ತರಗತಿಯಲ್ಲಿ ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್ ತನ್ನ ಕೋಳಿಗಳನ್ನು ಕೊಟ್ಟ. ಚುಚ್ಚುಮದ್ದು ಕೊಟ್ಟದ್ದಾಯಿತು, ಪ್ರತಿಕಾಯಗಳು ಹುಟ್ಟಲಿಲ್ಲ! ಪಾಠ ಕೆಟ್ಟಿತು, ಆದರೆ ಗುಟ್ಟು ಹೊರಬಿತ್ತು. ಆ ಕೋಳಿಗಳಲ್ಲಿ ಚೀಲವೇ ಇರಲಿಲ್ಲ.

ಈ ಸಂಗತಿಯನ್ನು ಮತ್ತೆ ಪರೀಕ್ಷಿಸಿ ಬರೆದ ಪ್ರಬಂಧವನ್ನು ಹೆಸರಾಂತ 'ಸೈನ್ಸ್' ಪತ್ರಿಕೆ ಒಪ್ಪಲಿಲ್ಲ. ಕೊನೆಗೆ ೧೯೫೬ರಲ್ಲಿ ಅದು ಕೋಳಿ ಸಾಕಣೆಯ ಶಾಸ್ತ್ರಕ್ಕೆ ಮೀಸಲಾದ 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ರೋಗನಿರೋಧ ಶಾಸ್ತ್ರಜ್ಞರು ಕೋಳಿಯ ಪತ್ರಿಕೆಯನ್ನು ಏಕೆ ಓದಿಯಾರು? ಅದರ ಮಹತ್ವ ಅವರಿಗೆ ಅರಿವಾಗಲು ವರ್ಷಗಳೇ ಹಿಡಿದವು. ೧೯೬೫ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು, ಕೋಳಿಯ ರೋಗನಿರೋಧಕ ವ್ಯವಸ್ಥೆಯಲ್ಲಿ ಎರಡು ಕವಲುಗಳಿವೆಯೆಂದೂ ಪ್ರತಿಕಾಯ ತಯಾರಿಸುವ ಕವಲು ಈ ಚೀಲವನ್ನು ಅವಲಂಬಿಸಿದೆಯೆಂದೂ ತೋರಿಸಿದರು. ಆ ಜೀವಕೋಶಗಳಿಗೆ 'ಬಿ' ಕೋಶಗಳೆಂದು ಹೆಸರಾಯಿತು. 'ಬಿ' ಎಂದರೆ 'ಬರ್ಸಾ', ಅದೇ ಆ ಚೀಲ. ನಮ್ಮ ದೇಹದಲ್ಲಿ ಆ ಚೀಲವಿಲ್ಲ; ನಮ್ಮ ಬಿ ಕೋಶಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಆದರೂ ಹೆಸರು ಮಾತ್ರ ಕೋಳಿಯದೇ!

ಇನ್ನು ಲೆಕ್ಕಕ್ಕೆ ಬರೋಣ. ಉಲ್ಲೇಖಗಳ ಸೂಚಿಯೊಂದನ್ನು ಸಿದ್ಧಪಡಿಸಬೇಕೆಂದು ಯೂಜೀನ್ ಗಾರ್‌ಫೀಲ್ಡ್ ಸೂಚಿಸಿದ್ದು ೧೯೫೫ರಲ್ಲಿ, ಅದೇ 'ಸೈನ್ಸ್' ಪತ್ರಿಕೆಯಲ್ಲಿ. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಹುಡುಕಲು ಅದು ಒಳ್ಳೆಯ ಸಾಧನ. ಮುಂದೆ ಅದೇ ಸಾಧನ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಪತ್ರಿಕೆಗಳಿಗೆ ಅಂಕ ಬಂದಿತು: ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರೆಂಬುದೇ ಆ ಅಂಕ. ೨೦೦೫ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಗೂ ಒಂದು ಅಂಕ ಕಟ್ಟಿದರು. ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡ ಇಪ್ಪತ್ತು ಪ್ರಬಂಧಗಳಿದ್ದರೆ ಅವನ ಅಂಕ ಇಪ್ಪತ್ತು. ಒಂದೇ ಪ್ರಬಂಧ ಬರೆದು ಶಾಸ್ತ್ರದ ದಿಕ್ಕನ್ನೇ ಬದಲಿಸಿದವನ ಅಂಕ? ಕೇವಲ ಒಂದು!

ಉಲ್ಲೇಖವೆಲ್ಲ ಹೊಗಳಿಕೆಯೂ ಅಲ್ಲ. ಮನೆಗೆ ಬಂದವರೆಲ್ಲ ನೆಂಟರೇ ಆಗಿರುವುದಿಲ್ಲ, ಜಗಳಕ್ಕೆ ಬಂದವರೂ ಇರುತ್ತಾರೆ. ತಪ್ಪೆಂದು ತೋರಿಸಲು ಹೆಸರಿಸಿದರೂ ಎಣಿಕೆ ಏರುತ್ತದೆ. ತನ್ನ ಹಿಂದಿನ ಪ್ರಬಂಧವನ್ನು ತಾನೇ ಹೆಸರಿಸಿದರೂ ಏರುತ್ತದೆ. ಇನ್ನೊಂದು ಕಡೆ, ತೀರ ದೊಡ್ಡ ಸತ್ಯವು ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋಗಿ, ಮೂಲವನ್ನು ಹೆಸರಿಸುವ ಅಗತ್ಯವೇ ಇಲ್ಲದಾಗುತ್ತದೆ. ಇಂದು ಬಿ ಕೋಶವೆಂದು ಬರೆಯುವವರೆಲ್ಲರೂ ಗ್ಲಿಕ್‌ನ ಪ್ರಬಂಧವನ್ನು ಸ್ಮರಿಸುವುದುಂಟೆ?

ಹಾಗೆಂದು ಎಣಿಕೆಯನ್ನು ಬಿಸುಡಬೇಕಿಲ್ಲ. ಜ್ವರಮಾಪಕ ಜ್ವರವನ್ನು ತಿಳಿಸುತ್ತದೆ, ರೋಗವನ್ನು ವೈದ್ಯರೇ ಕಂಡುಹಿಡಿಯಬೇಕು. ಪತ್ರಿಕೆಯ ಅಂಕದಿಂದ ವಿಜ್ಞಾನಿಯ ಬೆಲೆ ಕಟ್ಟಬಾರದೆಂದು ೨೦೧೨ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ಪ್ರಕಾಶಕರೂ ರೂಪಿಸಿದ ಘೋಷಣೆಯೂ ಸಾರಿತು. ಪ್ರಬಂಧದ ಯೋಗ್ಯತೆ ತಿಳಿಯಬೇಕಾದರೆ ಅದನ್ನು ಓದಲೇಬೇಕು. ಓದುವ ತಾಳ್ಮೆ ನಮಗಿಲ್ಲದಿದ್ದರೆ, ನಾಳಿನ ಗ್ಲಿಕ್ ತನ್ನ ಕೋಳಿಗಳೊಡನೆ ಬಾಗಿಲ ಹೊರಗೇ ಉಳಿದಾನು. ನಷ್ಟವಾಗುವುದು ಅವನಿಗಿಂತ ಹೆಚ್ಚಾಗಿ, ಔಷಧಕ್ಕಾಗಿ ಕಾದಿರುವ ನಮಗೇ.