ಶುಶ್ರೂಷೆ ಕಲಿಯುವ ಮಗಳ ಮನಸ್ಸು

ಪಿಯುಸಿ ಮುಗಿಸಿದ ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಿ, ಹಾಸ್ಟೆಲಿನಲ್ಲಿ ಬಿಟ್ಟುಬರುವ ತಂದೆತಾಯಿಗಳು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ರೋಗಿಗಳ ಶುಶ್ರೂಷೆ ನಿಜವಾದ ಕಾಯಕವೆಂಬ ಹೆಮ್ಮೆ ಅವರದು. ಆ ಕಾಯಕದ ಮೊದಲ ದಿನಗಳು ಎಂಥವೆಂದು ಮಗಳನ್ನು ಕೇಳುವವರು ಮಾತ್ರ ವಿರಳ.

ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ವ್ಯಾಸಂಗ. ಪಾಠದೊಡನೆಯೇ ವಾರ್ಡಿನ ಕೆಲಸವೂ ಇರುತ್ತದೆ. ಹುಣ್ಣು ತೊಳೆಯುವುದು, ಮಲಮೂತ್ರ ತೆಗೆಯುವುದು ಕ್ರಮೇಣ ರೂಢಿಯಾಗಬಹುದು. ಸಾವು ಅಷ್ಟು ಸುಲಭವಾಗಿ ರೂಢಿಯಾಗುವುದಿಲ್ಲ. ಬೆಳಿಗ್ಗೆ ತಾನು ನಾಡಿ ನೋಡಿದ ಅಜ್ಜನ ಹಾಸಿಗೆ ಸಂಜೆಗೆ ಬರಿದಾಗಿರುತ್ತದೆ. ಅತ್ತು ಹಗುರಾಗಲು ಸಮಯವಿಲ್ಲ, ಮರುದಿನ ಪರೀಕ್ಷೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷಿನ ದಪ್ಪ ಪುಸ್ತಕಗಳ ಭಯ ಬೇರೆ, ಅಪ್ಪ ಸಾಲ ಮಾಡಿ ಕಟ್ಟಿದ ಶುಲ್ಕದ ನೆನಪು ಬೇರೆ. (ಈಗ ಗಂಡುಮಕ್ಕಳೂ ಈ ವ್ಯಾಸಂಗಕ್ಕೆ ಸೇರುತ್ತಾರೆ; ಅವರಂತೂ ಬಾಯಿ ಬಿಡುವುದು ಇನ್ನೂ ಕಡಿಮೆ.)

ಬಹುಪಾಲು ಮಕ್ಕಳು ಹೊಂದಿಕೊಳ್ಳುತ್ತಾರೆ. ಆದರೆ ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿ, ನಿದ್ರೆ ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ, ತಾನು ನಿಷ್ಪ್ರಯೋಜಕಳೆಂಬ ಭಾವ ಕಾಡುತ್ತಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ತೋರಿಸಲೇಬೇಕು. ನಾವು ಎಡವುವುದು ಇಲ್ಲಿಯೇ. “ಸೇವೆಗೆ ಹೊರಟವಳು ಧೈರ್ಯಗೆಡಬಾರದು” ಎನ್ನುತ್ತೇವೆ. ಆಕೆ ಇನ್ನಷ್ಟು ಮೌನವಾಗುತ್ತಾಳೆ. ಇಷ್ಟಲಿಂಗಪೂಜೆಯಿಂದ ನೆಮ್ಮದಿ ದೊರೆಯುವುದು ನಿಜ. ಆದರೆ ಜ್ವರ ಬಂದಾಗ ವಿಭೂತಿಯೊಡನೆ ಮಾತ್ರೆಯನ್ನೂ ಕೊಡುವ ನಾವು, ಮನಸ್ಸಿನ ಬೇನೆಗೆ ಮಾತ್ರ ಮಾತ್ರೆ ಬೇಡವೆನ್ನುವುದೇಕೆ? ವರನ ಕಡೆಯವರಿಗೆ ತಿಳಿದೀತೆಂಬ ಅಂಜಿಕೆಯೇ ಇದರ ಮೂಲವೆಂದು ನನ್ನ ಭಾವನೆ. ಮನೋರೋಗ ಶುಶ್ರೂಷೆಯನ್ನು ಪಠ್ಯವಾಗಿ ಓದುವ ಹುಡುಗಿಯೂ ಇದೇ ಅಂಜಿಕೆಯಿಂದ ತನ್ನ ಬೇನೆಯನ್ನು ಬಚ್ಚಿಡುವಂತಾಗುತ್ತದೆ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡಿದೆ.

ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು. ನಡುವೆ ತಾವಾಗಿಯೇ ನಿಲ್ಲಿಸಬಾರದು.

“ಬದುಕಿ ಏನು ಪ್ರಯೋಜನ” ಎಂಬ ಮಾತು ಬಂದರಂತೂ ಅದನ್ನು ಹಗುರವಾಗಿ ಎಣಿಸದೆ, ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಕರೆಯನ್ನು ಮಗಳೇ ಮಾಡಬೇಕೆಂದಿಲ್ಲ. ತಾಯಿ ಮಾಡಬಹುದು, ಹಾಸ್ಟೆಲಿನ ಗೆಳತಿಯೂ ಮಾಡಬಹುದು.